ನಮ್ಮ ಕ್ರೈಸ್ತ ಸಭೆಗಳು ಹೊರದೇಶದ ಸೇವೆಗೆ ಯಾರನ್ನಾದರೂ ಕಳಿಸಿವೆಯಾ?

ಮೇಷ್ಟ್ರು, ಹಾಸನ

ಎಲ್ಲರಿಗೂ ವಂದನೆಗಳು. ಈ ವೇದಿಕೆಯಲ್ಲಿ ದಕ್ಷಿಣ ಭಾರತ ಸಭೆಯವರು ಅಂದರೆ ಸಿಎಸ್‌ಐನವರಿದ್ದೀರಿ, ಕಥೋಲಿಕರಿದ್ದೀರಿ, ಸ್ವತಂತ್ರ ಸಭೆಗಳವರೂ ಇದ್ದೀರಿ. ಅದಕ್ಕೇ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಸೀಮೆಯ ಕ್ರೈಸ್ತರಾದ ನಾವು ಹೊರದೇಶದ ಸೇವೆಯ ಹೊಣೆಯನ್ನು ಮತ್ತೆ ಹೊರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ನಮ್ಮ ಬುಡ ಎಲ್ಲಿದೆ ನೋಡಿ. ಶೆಟ್ಟಿಹಳ್ಳಿಯ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದವರು ಫ್ರೆಂಚ್ ಮಿಷನರಿಗಳು. ಹೇಮಾವತಿ ಜಲಾಶಯದ ನೀರು ಏರಿದಾಗ ಮುಳುಗುವ ಆ ಗೋಡೆಗಳ ಫೋಟೊ ತೆಗೆಯಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ವೆಸ್ಲಿಯನ್ ಮಿಷನ್ ಕಟ್ಟಿದ್ದು. ಘಟ್ಟದ ಕೆಳಗೆ ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದಿಳಿದರು. ಆಮೇಲೆ ಅದೇ ಮಿಷನ್‌ನಿಂದ ಬಂದ ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು, ಇವತ್ತಿಗೂ ಅದನ್ನು ತೆರೆಯುತ್ತೇವೆ. ಇದೆಲ್ಲ ನಿಮಗೂ ಗೊತ್ತಿರುವ ವಿಷಯ.

ನಾನು ಹೇಳಬೇಕೆಂದಿರುವುದು ಬಂದವರ ಬಗ್ಗೆ ಅಲ್ಲ, ಕಳಿಸಿದವರ ಬಗ್ಗೆ. ಫ್ರಾನ್ಸಿನ ಲಿಯೋನ್ ಊರಿನಲ್ಲಿ ಪೌಲೀನ್ ಜಾರಿಕೋ ಎಂಬ ಹೆಣ್ಣುಮಗಳಿದ್ದಳು. ರೇಷ್ಮೆ ಕೆಲಸದ ಬಡ ಹೆಂಗಸರನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ಪ್ರತಿಯೊಬ್ಬರೂ ದಿನಕ್ಕೆ ಒಂದು ಪ್ರಾರ್ಥನೆ ಹೇಳಬೇಕು, ವಾರಕ್ಕೆ ಒಂದು ಚಿಲ್ಲರೆ ಕಾಸು ಕೊಡಬೇಕು, ಅಷ್ಟೇ. 1822ರಲ್ಲಿ ಅದು ದೊಡ್ಡ ಸಂಘವೇ ಆಯಿತು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾದ್ರಿಗಳನ್ನು ಏಷ್ಯಾದಲ್ಲಿ ಸಾಕಿದ್ದು ಇಂಥ ಕಾಸು. ಮೈಸೂರು ಸೀಮೆ ಆಗ ಅವರ ಕೈಯಲ್ಲೇ ಇತ್ತು. ಆ ಹೆಂಗಸರಲ್ಲಿ ಯಾರೂ ನಮ್ಮ ಊರು ನೋಡಿರಲಿಲ್ಲ. ನಮ್ಮ ಮುತ್ತಜ್ಜಂದಿರ ಹೆಸರು ಕೇಳಿರಲಿಲ್ಲ.

ಈಗ ನಮ್ಮ ಕಡೆ ನೋಡಿ. ಕೊಡುವ ಕೈ ಇಲ್ಲ ಅನ್ನಲು ಆಗಲ್ಲ. ಚರ್ಚಿನ ಸುಗ್ಗಿ ಹಬ್ಬದ ಹರಾಜು ನೀವೆಲ್ಲ ನೋಡಿದ್ದೀರಿ. ಸಿಹಿಗುಂಬಳ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ. ‘ಒಂದು ಸಾರಿ, ಎರಡು ಸಾರಿ’ ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನವರು ಇನ್ನೂ ನೂರು ಏರಿಸುತ್ತಾರೆ. ಕೊಂಡುಕೊಂಡವರು ಅದೇ ಕುಂಬಳಕಾಯಿಯನ್ನು ವಾಪಸ್ ಮೇಜಿನ ಮೇಲಿಟ್ಟು, ‘ಇನ್ನೊಂದು ಸಲ ಕೂಗಿ ಅಯ್ಯನವರೇ’ ಅಂತ ಪಾದ್ರಿಗೆ ಅನ್ನುತ್ತಾರೆ. ನನಗೆ ಆ ದಿನ ಬಹಳ ಇಷ್ಟ. ಆ ಹಣದಲ್ಲಿ ಕಾಂಪೌಂಡ್ ಆಗುತ್ತೆ, ಶೀಟ್ ಆಗುತ್ತೆ, ಮೈಕ್ ಸೆಟ್ ಆಗುತ್ತೆ. ಆಗಲಿ. ಆದರೆ ಸಮುದ್ರದಾಚೆಗಿನ ಒಬ್ಬ ಮನುಷ್ಯನ ಹೆಸರಿನಲ್ಲಿ ಒಂದು ತೆಂಗಿನಕಾಯಿಯನ್ನಾದರೂ ಕೂಗುತ್ತೇವಾ?

ಜನ ಇಲ್ಲ ಅಂತಲೂ ಹೇಳುವಂತಿಲ್ಲ. ನಮ್ಮ ಮಕ್ಕಳು ಮಸ್ಕತ್, ಕುವೈತ್, ಐರ್ಲೆಂಡ್, ಇಂಗ್ಲೆಂಡ್ ಎಲ್ಲ ಕಡೆ ಇದ್ದಾರೆ. ನರ್ಸ್‌ಗಳೇ ಜಾಸ್ತಿ. ಹೋಗುವ ಹಿಂದಿನ ಭಾನುವಾರ ಸ್ತೋತ್ರ ಕಾಣಿಕೆ ಕೊಡುತ್ತಾರೆ, ಪ್ರಕಟಣೆಯಲ್ಲಿ ಹೆಸರು ಓದುತ್ತೇವೆ, ಅಲ್ಲಿಗೆ ಮುಗಿಯಿತು. ಅವರು ಹೋದರು, ನಾವು ಕಳಿಸಲಿಲ್ಲ. ಬೈಬಲಿನಲ್ಲಿ ಬರುವ ಅಂತಿಯೋಕ್ಯದ ಸಭೆ ಹೀಗೆ ಮಾಡಲಿಲ್ಲ. ಉಪವಾಸ ಮಾಡಿ, ಪ್ರಾರ್ಥಿಸಿ, ಬಾರ್ನಬ ಸೌಲರ ಮೇಲೆ ಕೈಯಿಟ್ಟು ಕಳಿಸಿತು. ಅವರು ತಿರುಗಿ ಬಂದಾಗ ಸಭೆಯನ್ನೆಲ್ಲ ಕೂಡಿಸಿ ನಡೆದದ್ದನ್ನು ಒಪ್ಪಿಸಿದರು. ಕೇಳುವವರು ಇದ್ದುದಕ್ಕೇ ಹೇಳಿದರು, ಅಲ್ವಾ?

ನಿಮ್ಮ ಸಭೆಯಿಂದ ಸೇವೆಗೆಂದೇ ಯಾರನ್ನಾದರೂ ಹೊರದೇಶಕ್ಕೆ ಕಳಿಸಿದ್ದೀರಾ? ಇಲ್ಲ ಅಂದರೆ ಏನು ಅಡ್ಡಿ? ದಯವಿಟ್ಟು ಮನಬಿಚ್ಚಿ ಬರೆಯಿರಿ.

ಅರಸೀಕೆರೆಯಿಂದ ಒಬ್ಬ ಸಭಿಕ

ಮೇಷ್ಟ್ರೇ, ಮಾತು ಚೆನ್ನಾಗಿದೆ, ಆದರೆ ಒಪ್ಪಲು ಆಗುತ್ತಿಲ್ಲ. ನಮ್ಮ ಕಡೆಯ ಹಳ್ಳಿ ಸಭೆಗಳಿಗೆ ಅಯ್ಯನವರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಸಂಡೆ ಸ್ಕೂಲ್ ನಡೆಸಲು ಜನ ಇಲ್ಲ. ಒಂದು ಊರಿನಲ್ಲಿ ನಾಲ್ಕು ಮನೆ ಕ್ರೈಸ್ತರು. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ಮುದುಕರು ಮಾತ್ರ ಬೆಂಚಿನ ಮೇಲೆ. 2008ರಲ್ಲಿ ಮಂಗಳೂರು, ಚಿಕ್ಕಮಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆದಾಗಿನಿಂದ ಮನೆ ಪ್ರಾರ್ಥನೆ ಇಡಲೂ ಹಿಂದೆ ಮುಂದೆ ನೋಡುವವರು ಇದ್ದಾರೆ. ಮನೆಯ ಒಲೆಯೇ ಆರುತ್ತಿರುವಾಗ ನೆರೆಮನೆಗೆ ಕೆಂಡ ಎಲ್ಲಿಂದ ಕೊಡುವುದು? ಕರ್ತನು ಹೇಳಿದ್ದೂ ಮೊದಲು ಯೆರೂಸಲೇಮ್, ಆಮೇಲೆ ಯೂದಾಯ, ಸಮಾರ್ಯ, ಕೊನೆಗೆ ಭೂಲೋಕದ ಕಟ್ಟಕಡೆ ಅಂತಲೇ.

ಚಿಕ್ಕಮಗಳೂರಿನ ಅಕ್ಕ

ಅರಸೀಕೆರೆ ಅಣ್ಣನ ನೋವು ನಿಜವಾದದ್ದು. ನಮ್ಮ ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರ 1963ರಲ್ಲಿ ಆದದ್ದು, ಹಾಸನ ಜಿಲ್ಲೆಯೂ ಇದರಲ್ಲೇ ಸೇರಿದೆ. ಎಸ್ಟೇಟ್ ಕಡೆಯ ಸಣ್ಣ ಸಣ್ಣ ಚರ್ಚುಗಳ ಕಷ್ಟ ನನಗೂ ಗೊತ್ತು. ಆದರೆ ಮನೆಯ ಕಷ್ಟ ತೀರಿದ ಮೇಲೆ ಹೊರಗೆ ಹೋಗೋಣ ಅಂದುಕೊಂಡಿದ್ದರೆ ಸಂತ ಜೋಸೆಫ್ ವಾಜ್ ಹೊರಡುತ್ತಲೇ ಇರಲಿಲ್ಲ.

ನಮ್ಮ ಕೊಂಕಣಿ ಮನೆಗಳಲ್ಲಿ ಅವರ ಪಟ ಇರುತ್ತದೆ, ಆದರೆ ಕತೆ ಗೊತ್ತಿರುವವರು ಕಡಿಮೆ. ಗೋವಾದ ಬೆನಾವಲಿಯವರು, 1651ರಲ್ಲಿ ಹುಟ್ಟಿದರು. 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲೇ ಕೆಲಸ ಮಾಡಿದರು. ಆಗ ಇಲ್ಲಿನ ಕ್ರೈಸ್ತರ ಸ್ಥಿತಿ ಈಗಿನದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು. ಅಷ್ಟರಲ್ಲಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ ಸುದ್ದಿ ಕಿವಿಗೆ ಬಿತ್ತು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ಹೊರಹಾಕಿದ್ದರು, ಜನ ಗುರುವಿಲ್ಲದೆ ಉಳಿದಿದ್ದರು. 1687ರಲ್ಲಿ ಇವರು ಕೂಲಿಯವನ ವೇಷದಲ್ಲಿ ದಾಟಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸ್ ಗೂಢಚಾರ ಅಂತ ಹಿಡಿದು ಸೆರೆಗೆ ಹಾಕಿದರು. ಬಿಡುಗಡೆಯಾದ ಮೇಲೂ ವಾಪಸ್ ಬರಲಿಲ್ಲ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂತು, ಜನ ಊರು ಬಿಟ್ಟು ಓಡಿದರು. ಇವರು ರೋಗಿಗಳನ್ನು ಎತ್ತಿ ತಂದು, ಗಾಯ ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರು ಅಂತ ಕೇಳಲಿಲ್ಲ. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲೇ ಅವರನ್ನು ಸಂತರೆಂದು ಸಾರಿದರು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಮಿಷನರಿ ಅಂದರೆ ಬಿಳಿಯರು, ಹಡಗು, ಸರ್ಕಾರದ ಬೆಂಬಲ ಅಂತಲೇ ನಾವು ಚಿತ್ರ ಕಟ್ಟಿಕೊಂಡಿದ್ದೇವೆ. ಇವರು ನಮ್ಮ ಕರಾವಳಿಯ ಮನುಷ್ಯ. ಹಿಂದೆ ಯಾವ ಸರ್ಕಾರವೂ ಇರಲಿಲ್ಲ. ಇದ್ದದ್ದು ಗೋವಾದ ಗುರುಗಳ ಒಂದು ಚಿಕ್ಕ ಮಠ, ಓರಟರಿ. ಆ ಮನೆ ಅವರೊಬ್ಬರನ್ನು ಬೆಂಬಲಿಸಿ ಸುಮ್ಮನಾಗಲಿಲ್ಲ. ಅವರು ಹೋದ ನಂತರವೂ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಸಿಲೋನಿಗೆ ಗುರುಗಳನ್ನು ಕಳಿಸುತ್ತಲೇ ಇತ್ತು. ಮೇಷ್ಟ್ರು ಹೇಳುವ ‘ಕಳಿಸಿದವರು’ ಅಂದರೆ ಇಂಥವರೇ ಅಂತ ನನ್ನ ಭಾವನೆ.

ಮಸ್ಕತ್‌ನಿಂದ ಒಬ್ಬ ನರ್ಸ್ (ಊರು ಆಲೂರು ತಾಲ್ಲೂಕು)

ಮೇಷ್ಟ್ರೇ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ಹೋದವರ ಕಡೆಯಿಂದ ಎರಡು ಮಾತು.

ಮೊದಲು ಕಾನೂನಿನ ವಿಷಯ. ಒಮಾನಿನಲ್ಲಿ ನಮಗೆ ಆರಾಧನೆಗೆ ತಡೆ ಇಲ್ಲ. ಸುಲ್ತಾನರು ಕೊಟ್ಟ ಜಾಗದಲ್ಲೇ ಚರ್ಚುಗಳಿವೆ. ಶುಕ್ರವಾರ ಆ ಆವರಣದಲ್ಲಿ ಎಷ್ಟೋ ಭಾಷೆಯ ಆರಾಧನೆ ಒಂದರ ಹಿಂದೆ ಒಂದು ನಡೆಯುತ್ತದೆ. ಆದರೆ ಹೊರಗೆ ಹೋಗಿ ಮತಪ್ರಚಾರ ಮಾಡುವಂತಿಲ್ಲ. ಇಲ್ಲಿಗೆ ಬರುವವರು ಇದನ್ನು ಒಪ್ಪಿ ಬರಬೇಕು. ನರ್ಸ್ ಅಂತ ವೀಸಾ ತೆಗೆದುಕೊಂಡರೆ ಮೊದಲು ಒಳ್ಳೆಯ ನರ್ಸ್ ಆಗಿರಬೇಕು. ಕೈಕಾಲು ಆಡದೆ ಮಲಗಿರುವ ರೋಗಿಯ ಮುಂದೆ ನಿಂತು ಬೋಧನೆ ಮಾಡುವುದು ಸರಿಯಲ್ಲ. ಅವನಿಗೆ ಎದ್ದು ಹೋಗಲು ಆಗಲ್ಲವಲ್ಲ.

ಹಾಗಾದರೆ ಸೇವೆ ಏನು? ನಮ್ಮ ವಾರ್ಡಿನಲ್ಲಿ ಒಬ್ಬ ಬಾಂಗ್ಲಾದೇಶದ ಹುಡುಗ ಇದ್ದ. ಕಟ್ಟಡದ ಕೆಲಸ, ಸಾರುವೆಯಿಂದ ಬಿದ್ದು ಸೊಂಟ ಮುರಿದಿತ್ತು. ರಾತ್ರಿ ಪಾಳಿಯಲ್ಲಿ ಅವನ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಫೋನ್ ಹಿಡಿದುಕೊಂಡು ನಿಲ್ಲುತ್ತಿದ್ದೆ. ಆಕೆಗೆ ಹಾಸಿಗೆ, ಡ್ರಿಪ್ ಬಾಟಲ್ ಕಾಣಬಾರದು ಅಂತ ಅವನ ಆಸೆ, ಅದಕ್ಕೆ ಮುಖ ಮಾತ್ರ ಕಾಣುವಂತೆ ಹತ್ತಿರ ಹಿಡಿಯುತ್ತಿದ್ದೆ. ‘ನೀವು ಯಾಕೆ ಇಷ್ಟು ಮಾಡುತ್ತೀರಿ’ ಅಂತ ಒಂದು ದಿನ ಅವನೇ ಹಿಂದಿಯಲ್ಲಿ ಕೇಳಿದ. ಕೇಳಿದ್ದಕ್ಕೆ ಉತ್ತರ ಹೇಳಿದೆ, ಅಷ್ಟೇ.

ಎಮಿರೇಟ್ಸ್‌ನ ಅಲ್ ಐನ್‌ನಲ್ಲಿ ಒಂದು ಆಸ್ಪತ್ರೆ ಇದೆ. ಪ್ಯಾಟ್ ಮತ್ತು ಮೇರಿಯನ್ ಕೆನೆಡಿ ಎಂಬ ಮಿಷನರಿ ಡಾಕ್ಟರ್ ದಂಪತಿ ಅಲ್ಲಿನ ಆಡಳಿತಗಾರ ಶೇಖ್ ಜಾಯೆದ್ ಅವರ ಕರೆಯ ಮೇಲೆ 1960ರಲ್ಲಿ ಶುರು ಮಾಡಿದ್ದು. ಮೊದಲು ಮಣ್ಣಿನ ಇಟ್ಟಿಗೆಯ ಕಟ್ಟಡ. ಆಗ ಅಲ್ಲಿ ಬಾಣಂತಿಯರು, ಹಸುಗೂಸುಗಳು ಉಳಿಯುವುದೇ ಕಷ್ಟವಿತ್ತು. ಆ ದೇಶದ ರಾಜಮನೆತನದ ಮಕ್ಕಳೂ ಅಲ್ಲೇ ಹುಟ್ಟಿದರು. ಇವತ್ತಿಗೂ ಅಲ್ಲಿ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಅಂಥ ಕೆಲಸಕ್ಕೆ ನಮ್ಮ ಮಕ್ಕಳು ಬೇಕು.

ಎರಡನೇ ಮಾತು ಹೇಳಲು ಸ್ವಲ್ಪ ಸಂಕೋಚ. ನಾನು ಬಂದ ಮೇಲೆ ಊರಿನ ಸಭೆಯಿಂದ ಫೋನ್ ಬಂದದ್ದೆಲ್ಲ ಫಂಡಿಗಾಗಿ. ಕೊಟ್ಟಿದ್ದೇನೆ, ಸಂತೋಷವಾಗಿಯೇ ಕೊಟ್ಟಿದ್ದೇನೆ. ಆದರೆ ‘ಅಲ್ಲಿ ಹೇಗಿದ್ದೀಯಮ್ಮ, ಯಾರಿಗಾಗಿ ಪ್ರಾರ್ಥನೆ ಮಾಡಲಿ’ ಅಂತ ಒಬ್ಬರು ಕೇಳಿದ್ದರೆ ಆ ಮೊದಲ ವರ್ಷ ಅಷ್ಟು ಭಾರ ಆಗುತ್ತಿರಲಿಲ್ಲ.

ಬೇಲೂರು ರಸ್ತೆ

ಸಿಸ್ಟರ್ ಹೇಳಿದ ಮೊದಲ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಉತ್ಸಾಹದಲ್ಲಿ ನಾವು ಹಳೆಯ ಮಿಷನರಿಗಳ ಕೊರತೆಗಳನ್ನು ಮುಚ್ಚಿಡಬಾರದು. ಮುಂದೆ ಬಿಷಪ್ ಆದ ತಮಿಳು ಕ್ರೈಸ್ತ ವಿ.ಎಸ್. ಅಜರಯ್ಯ 1910ರಲ್ಲಿ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ನಿಂತು ಹೇಳಿದ್ದು ನೆನಪಿರಲಿ. ನೀವು ನಿಮ್ಮ ಆಸ್ತಿ ಕೊಟ್ಟಿರಿ, ದೇಹವನ್ನೂ ಸುಡಲು ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಬಂದವರು ತ್ಯಾಗ ಮಾಡಿದರು, ಆದರೆ ಎಷ್ಟೋ ಜನ ನಮ್ಮವರನ್ನು ಸಮಾನವಾಗಿ ಕೂರಿಸಿಕೊಳ್ಳಲಿಲ್ಲ. ಹಾಗೆ ಹೇಳಿದ ಅಜರಯ್ಯನವರೇ ಅದಕ್ಕೂ ಮೊದಲು 1903ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘ ಕಟ್ಟುವುದಕ್ಕೆ ನಿಂತವರು. ಟೀಕೆ ಮಾಡಿ ಕೈಕಟ್ಟಿ ಕೂರಲಿಲ್ಲ.

ಇನ್ನೊಬ್ಬರು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ. 1792ರಲ್ಲಿ ಬಂದರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿದ ಕ್ರೈಸ್ತರನ್ನು ಒಟ್ಟುಮಾಡಿದರು. ಅವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಿದರು. ಆದರೂ 1823ರಲ್ಲಿ ವಾಪಸ್ ಹೋಗುವಾಗ ಇಲ್ಲಿ ಇನ್ನು ಕ್ರೈಸ್ತಧರ್ಮ ಬೆಳೆಯುವುದಿಲ್ಲ ಅಂತ ಬರೆದೇ ಹೋದರು. ಅವರು ಕೈಬಿಟ್ಟ ಸೀಮೆಯಲ್ಲೇ ಕೂತು ನಾವು ಈ ಚರ್ಚೆ ಮಾಡುತ್ತಿದ್ದೇವೆ. ಅದಕ್ಕೇ ಫಲದ ಲೆಕ್ಕವನ್ನು ಹೋದವರ ಜೀವಮಾನದಲ್ಲೇ ಕೇಳಬಾರದು. ಕಳಿಸುವ ಸಭೆಗಳಿಗೆ ಇದನ್ನು ಮೊದಲೇ ಹೇಳಬೇಕು. ‘ಎಷ್ಟು ಜನ ಸೇರಿದರು’ ಅಂತ ಪ್ರತಿ ತಿಂಗಳು ಕೇಳಿ ಹಿಂಸೆ ಮಾಡುವುದನ್ನು ನಾನು ನೋಡಿದ್ದೇನೆ.

ನೇಪಾಳ ಹತ್ತಿರ ಅಲ್ವಾ ಅಂತ ಸುಮ್ನೆ ಹುಡುಗರನ್ನು ಬಸ್ಸು ಹತ್ತಿಸುವವರೂ ಇದ್ದಾರೆ. ಅಲ್ಲಿ ಮತಾಂತರ ಮಾಡಿಸುವುದು ಶಿಕ್ಷಾರ್ಹ ಅಪರಾಧ, 2018ರಿಂದ ಜಾರಿಯಲ್ಲಿರುವ ದಂಡಸಂಹಿತೆಯಲ್ಲೇ ಇದೆ. ಸಿಕ್ಕಿಬಿದ್ದರೆ ತೊಂದರೆ ಅಲ್ಲಿನ ಸಭೆಗೂ ತಟ್ಟುತ್ತದೆ. 1954ರಿಂದ ಅಲ್ಲಿ ಆಸ್ಪತ್ರೆ, ಶಾಲೆ, ವಿದ್ಯುತ್ ಕೆಲಸ ಅಂತ ಯುನೈಟೆಡ್ ಮಿಷನ್ ಟು ನೇಪಾಳ್ ಸರ್ಕಾರದ ಒಪ್ಪಿಗೆಯಿಂದಲೇ ದುಡಿದಿದೆ. ಆ ದಾರಿ ನಿಧಾನ, ಆದರೆ ನೇರ.

ಲೆಕ್ಕದ ಪುಸ್ತಕ, ಸಕಲೇಶಪುರ

ಖಜಾಂಚಿಯಾಗಿ ಒಂದು ಎಚ್ಚರಿಕೆ. ಸಭೆಯ ಟ್ರಸ್ಟ್ ಖಾತೆಯಿಂದ ನೇರವಾಗಿ ಹೊರದೇಶಕ್ಕೆ ಹಣ ಕಳಿಸಬೇಡಿ. ಧರ್ಮಾರ್ಥ ಟ್ರಸ್ಟ್ ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗಬೇಕಾದರೆ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಮೊದಲು ಆಡಿಟರ್ ಹತ್ತಿರ ಕೂತು ಮಾತಾಡಿ. ಹೋಗುವವರ ತರಬೇತಿ, ಊರಿನಲ್ಲಿರುವ ತಂದೆತಾಯಿಯ ಔಷಧ, ಇಂಥದ್ದು ದೇಶದೊಳಗಿನ ಖರ್ಚು. ಬೆಂಗಳೂರಿನಲ್ಲಿ 1965ರಿಂದ ನಡೆಯುತ್ತಿರುವ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್‌ನಂಥ ಅನುಭವ ಇರುವ ಸಂಘಗಳ ಜೊತೆ ಸೇರುವುದು ಎಲ್ಲಕ್ಕಿಂತ ಒಳ್ಳೆಯದು. ಎಲ್ಲವನ್ನೂ ನಾವೇ ಹೊಸದಾಗಿ ಕಟ್ಟಬೇಕಿಲ್ಲ.

ಸ್ತ್ರೀ ಕೂಟದ ಅಮ್ಮ, ಹಾಸನ

ನನ್ನ ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಕೆಂಡ ಎಲ್ಲಿಂದ ಕೊಡುವುದು ಅಂತ ಅರಸೀಕೆರೆಯವರು ಕೇಳಿದ್ದಕ್ಕೆ ಹೇಳುತ್ತೇನೆ. ಮಿಜೋರಾಮಿನ ತಾಯಂದಿರು ಅನ್ನಕ್ಕೆ ಇಡುವಾಗ ಪ್ರತಿ ಸಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಕ್ಕೆ ಹಾಕುತ್ತಾರೆ. 1910ರಿಂದ ಇದು ನಡೆದು ಬಂದಿದೆ. ಸ್ತ್ರೀ ಕೂಟದವರು ಮನೆಮನೆಯಿಂದ ಆ ಅಕ್ಕಿ ಕೂಡಿಸಿ ಮಾರಿ ಮಿಷನರಿಗಳನ್ನು ಸಾಕುತ್ತಾರೆ. ಅವರಿಗೆ ಸುವಾರ್ತೆ ತಂದವರಲ್ಲಿ ವೇಲ್ಸ್ ದೇಶದವರೂ ಇದ್ದರು. ಈಗ ಮಿಜೋ ಸಭೆಯೇ ವೇಲ್ಸ್‌ಗೆ ತನ್ನವರನ್ನು ಸೇವೆಗೆ ಕಳಿಸಿದೆ. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಗಳಲ್ಲೂ ಅಕ್ಕಿ ಇದೆ, ರಾಗಿ ಇದೆ. ಮುದುಕಿಯರು ನಾವು ಎಲ್ಲಿಗೂ ಹೋಗಲಾರೆವು, ಡಬ್ಬ ಇಡಬಲ್ಲೆವು.

ಮೂಡಿಗೆರೆಯ ಹುಡುಗ

ಮೊದಲ ಸಲ ಬರೆಯುತ್ತಿದ್ದೇನೆ. ಕೃಷಿ ಓದಿದ್ದೇನೆ, ಈಗ ಕಾಫಿ ತೋಟದಲ್ಲಿ ಕೆಲಸ. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರಿಸುವುದು, ಚಿಗುರು ತೆಗೆಸುವುದು, ಕಾಂಡ ಕೊರೆಯುವ ಬೋರರ್ ಹುಳ ಹಿಡಿದ ಗಿಡ ಹುಡುಕಿ ಕೀಳಿಸಿ ಸುಡಿಸುವುದು, ಇದೇ ನನಗೆ ಗೊತ್ತಿರುವುದು. ಉಗಾಂಡ, ತಾಂಜಾನಿಯ ಕಡೆ ಸಣ್ಣ ಕಾಫಿ ಬೆಳೆಗಾರರು ಬಹಳ ಇದ್ದಾರೆ. ಅಲ್ಲಿನ ಯಾವುದಾದರೂ ಸಭೆಯ ಜೊತೆ ಸೇರಿ ಅವರ ನಡುವೆ ಇದ್ದು ಕೆಲಸ ಮಾಡಬೇಕು ಅಂತ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಮನೆಯಲ್ಲಿ ಹೇಳಿದರೆ ಅಮ್ಮ ಅಳುತ್ತಾರೆ. ‘ದುಬೈಗೆ ಹೋಗು, ಬೇಡ ಅನ್ನಲ್ಲ. ಅಲ್ಲಿಗೆ ಯಾಕೆ’ ಅನ್ನುತ್ತಾರೆ. ಪಾದ್ರಿಯೂ ಅಲ್ಲದ, ಬೈಬಲ್ ಕಾಲೇಜಿಗೂ ಹೋಗದ ನಾನು ಹೋಗಬಹುದಾ?

ಕಡೂರಿನ ಅಪ್ಪ

ಮಗಾ, ನನ್ನ ಮಗಳು ಸಿಸ್ಟರ್, ಅಂದರೆ ಕನ್ಯಾಸ್ತ್ರೀ. ತಾಂಜಾನಿಯದಲ್ಲೇ ಇದ್ದಾಳೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಹೋಗಬಹುದು. ಪೌಲನೂ ಗುಡಾರ ಹೊಲಿದೇ ಊಟ ಮಾಡಿದ. ಆದರೆ ಆತುರ ಬೇಡ. ನನ್ನ ಮಗಳು ಮೊದಲ ಕಾಲವೆಲ್ಲ ಸ್ವಾಹಿಲಿ ಕಲಿಯುವುದರಲ್ಲೇ ಕಳೆದಳು. ಸಂತೆಯಲ್ಲಿ ಟೊಮೆಟೊ ಕೇಳಲೂ ಬರುತ್ತಿರಲಿಲ್ಲ, ಚಿಕ್ಕ ಮಕ್ಕಳು ತಿದ್ದುತ್ತಿದ್ದರಂತೆ. ಮಲೇರಿಯ ಬಂತು, ಹೋಯಿತು, ಮತ್ತೆ ಬಂತು. ಅವಳ ಅಜ್ಜಿ ತೀರಿಕೊಂಡಾಗ ಬರಲು ಆಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು. ಇದನ್ನೆಲ್ಲ ನಿನಗೂ ನಿನ್ನ ಅಮ್ಮನಿಗೂ ಮೊದಲೇ ಹೇಳಬೇಕು. ಹೇಳದೆ ಕಳಿಸುವುದು ಅನ್ಯಾಯ.

2016ರ ಮಾರ್ಚಿನಲ್ಲಿ ಯೆಮೆನ್‌ನ ಏಡನ್‌ನಲ್ಲಿ ಮದರ್ ತೆರೇಸಾ ಸಭೆಯ ನಾಲ್ವರು ಸಿಸ್ಟರ್‌ಗಳನ್ನು ಕೊಂದರು, ಅವರಲ್ಲಿ ಒಬ್ಬರು ನಮ್ಮ ದೇಶದವರು. ಅಲ್ಲಿಂದಲೇ ಅಪಹರಿಸಿದ ಫಾದರ್ ಟಾಮ್ ಅವರನ್ನು ಬಿಟ್ಟದ್ದು 2017ರ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ನನ್ನ ಹೆಂಡತಿ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಮಗಳಿಗೆ ಫೋನ್ ಮಾಡಿ ‘ಬಂದುಬಿಡು’ ಅಂದಳು. ಮಗಳು, ‘ಅಮ್ಮಾ, ಇಲ್ಲಿ ಡಿಸ್ಪೆನ್ಸರಿ ಬಾಗಿಲಲ್ಲಿ ಬೆಳಿಗ್ಗೆಯಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದಾರೆ, ಅವರಿಗೆ ಏನಂತ ಹೇಳಿ ಬರಲಿ’ ಅಂದಳು. ನನ್ನ ಹೆಂಡತಿ ಆಮೇಲೆ ಮತ್ತೆ ಕೇಳಲಿಲ್ಲ.

ನಿನ್ನ ಅಮ್ಮ ಅಳುವುದು ತಪ್ಪಲ್ಲ. ನನ್ನ ಹೆಂಡತಿ ಅವರ ಜೊತೆ ಮಾತಾಡಲು ತಯಾರಿದ್ದಾಳೆ. ಮೂಡಿಗೆರೆಗೆ ನಾವೇ ಬರುತ್ತೇವೆ.

ಮೇಷ್ಟ್ರು, ಹಾಸನ

ಎಲ್ಲರ ಬರಹವನ್ನೂ ಒಂದಕ್ಕೆ ಎರಡು ಸಲ ಓದಿದೆ. ಅರಸೀಕೆರೆ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹಳ್ಳಿ ಸಭೆಗಳ ಹಣ ಕಿತ್ತು ಹೊರದೇಶಕ್ಕೆ ಕೊಡಿ ಅಂತ ನಾನು ಹೇಳುವುದೇ ಇಲ್ಲ. ಅಂತಿಯೋಕ್ಯದವರು ಕಳಿಸಿದ್ದು ತಮ್ಮ ಇಬ್ಬರು ಒಳ್ಳೆಯ ಬೋಧಕರನ್ನು. ಅವರ ಊರಿನ ಕೆಲಸವೂ ಮುಗಿದಿರಲಿಲ್ಲ. ಹೊರಗಿನವರಿಗಾಗಿ ಪ್ರಾರ್ಥನೆ ಮಾಡುವ ಸಭೆಯಲ್ಲಿ ಹುಡುಗರು ಕಿವಿ ನೆಟ್ಟಗೆ ಮಾಡಿ ಕೂರುವುದನ್ನು ನಾನು ಕಂಡಿದ್ದೇನೆ. ನಮ್ಮ ಸಂಡೆ ಸ್ಕೂಲಿನಲ್ಲಿ ವಾಜ್ ಅವರ ಕ್ಯಾಂಡಿ ಸೆರೆಮನೆಯ ಕತೆ ಹೇಳಿದ ದಿನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ, ‘ಆಮೇಲೆ ಏನಾಯ್ತು ಸರ್’ ಅಂತ ಹಿಡಿದುಕೊಂಡರು.

ನಮ್ಮಲ್ಲಿ ಮೂರು ವಿಷಯ ಶುರು ಮಾಡುತ್ತಿದ್ದೇವೆ. ಹೊರದೇಶಕ್ಕೆ ಕೆಲಸಕ್ಕೆ ಹೋಗುವವರನ್ನು ಇನ್ನು ಮುಂದೆ ಪೀಠದ ಮುಂದೆ ನಿಲ್ಲಿಸಿ, ಹಿರಿಯರು ಕೈಯಿಟ್ಟು ಪ್ರಾರ್ಥಿಸಿ ಕಳಿಸುವುದು. ಪ್ರತಿಯೊಬ್ಬರಿಗೂ ಊರಿನಲ್ಲಿ ಎರಡು ಕುಟುಂಬ ಗೊತ್ತುಮಾಡುವುದು, ಫೋನ್ ಮಾಡುವ ಹೊಣೆ ಅವರದು, ಫಂಡ್ ಮಾತು ಎತ್ತುವಂತಿಲ್ಲ. ಈ ಸಲದ ಸುಗ್ಗಿ ಹಬ್ಬದಲ್ಲಿ ಒಂದು ಮೇಜು ಬೇರೆ ಇಟ್ಟು ಅದರ ಹರಾಜನ್ನು ಲೆಕ್ಕದ ಪುಸ್ತಕದವರು ಹೇಳಿದ ರೀತಿಯಲ್ಲಿ ಸೇವೆಗೆ ಹೋಗುವವರ ತರಬೇತಿಗೆ ಇಡುವುದು. ಅಮ್ಮನ ಅಕ್ಕಿ ಡಬ್ಬವೂ ಆ ಮೇಜಿಗೇ ಬರಲಿ. ಮೂಡಿಗೆರೆ ತಮ್ಮ, ನಿನಗೆ ಬೇರೆಯಾಗಿ ಬರೆದಿದ್ದೇನೆ. ಮೊದಲು ನಿನ್ನ ಅಯ್ಯನವರ ಹತ್ತಿರ ಹೇಳು, ನಿನ್ನ ಸಭೆಗೆ ಗೊತ್ತಿಲ್ಲದೆ ಹೊರಡಬೇಡ.

ಅರಸೀಕೆರೆಯಿಂದ ಒಬ್ಬ ಸಭಿಕ

ಹಳ್ಳಿ ಮೊದಲು ಅನ್ನುವ ನನ್ನ ಮಾತು ಬದಲಾಗಿಲ್ಲ ಮೇಷ್ಟ್ರೇ. ಆದರೆ ಮಸ್ಕತ್ ಸಿಸ್ಟರ್ ಬರೆದದ್ದು ಮನಸ್ಸಿಗೆ ತಾಕಿತು. ನಮ್ಮ ಸಭೆಯಿಂದ ಹೊರಗಿರುವವರ ಹೆಸರು ಬರೆದು ನೋಡಿದೆ. ಬೆಂಚಿನ ಮೇಲೆ ಮುದುಕರು ಮಾತ್ರ ಅಂದೆನಲ್ಲ, ಅವರ ಮಕ್ಕಳೇ ಆ ಪಟ್ಟಿಯಲ್ಲಿ ಇದ್ದಾರೆ. ಈ ಭಾನುವಾರದಿಂದ ಆ ಹೆಸರುಗಳನ್ನು ಓದಿ ಪ್ರಾರ್ಥಿಸುತ್ತೇವೆ. ಸಿಸ್ಟರ್, ನೀವು ನಮ್ಮ ಸಭೆಯವರಲ್ಲ, ಆದರೂ ನಮ್ಮ ಹೆಂಗಸರು ನಿಮ್ಮ ಜೊತೆ ಮಾತಾಡಬೇಕು ಅನ್ನುತ್ತಿದ್ದಾರೆ. ನಮ್ಮ ಆರಾಧನೆ ಒಂಬತ್ತೂವರೆಗೆ. ಯಾವ ಹೊತ್ತಿಗೆ ಫೋನ್ ಮಾಡಿದರೆ ಅನುಕೂಲ?

ಮಸ್ಕತ್‌ನಿಂದ ಒಬ್ಬ ನರ್ಸ್

ನಿಮಗೆ ಒಂಬತ್ತೂವರೆ ಅಂದರೆ ನಮಗೆ ಎಂಟು ಗಂಟೆ ಅಣ್ಣ. ಈ ವಾರ ರಾತ್ರಿ ಪಾಳಿ, ಅಷ್ಟೊತ್ತಿಗೆ ರೂಮಿಗೆ ಬಂದಿರುತ್ತೇನೆ. ವಿಡಿಯೊ ಕಾಲ್ ಮಾಡಿ. ಇಲ್ಲಿ ನನ್ನ ಜೊತೆ ಹಾಸನದ ಕಡೆಯ ಇನ್ನೂ ಇಬ್ಬರು ಹುಡುಗಿಯರಿದ್ದಾರೆ, ಹೊಸದಾಗಿ ಬಂದವರು. ಅವರನ್ನೂ ಕೂರಿಸಿಕೊಂಡಿರುತ್ತೇನೆ.